ಹಡಗಿನ ವಿಮೆ ಯಾರದು? ಆ ಒಂದು ಸಾಲೂ ಸುದ್ದಿಯಲ್ಲಿ ಬರಲಿ

ಸಂಪಾದಕರಿಗೆ ನಮಸ್ಕಾರ.

ಕರಾವಳಿಯ ಹುಡುಗರು ಹೊರದೇಶದಲ್ಲಿ ಹಡಗಿನ ಮೇಲೆ ಸಿಕ್ಕಿಬಿದ್ದಿದ್ದಾರೆ, ಸಂಬಳವಿಲ್ಲ, ಕುಡಿಯುವ ನೀರಿಗೂ ತತ್ವಾರ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಒಂದನ್ನೂ ಬಿಡದೆ ಓದುತ್ತೇನೆ. ಮನೆಯವರ ಕಣ್ಣೀರು ಇರುತ್ತದೆ, ಶಾಸಕರ ಭರವಸೆ ಇರುತ್ತದೆ, ದಿಲ್ಲಿಗೆ ಬರೆದ ಪತ್ರದ ಫೋಟೊ ಕೂಡ ಇರುತ್ತದೆ. ಆದರೆ ಆ ಹಡಗಿನ ಪಿ ಆ್ಯಂಡ್ ಐ ವಿಮೆ ಯಾರದು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಹುಡುಗರು ಮನೆಗೆ ಬರುವುದು ಒಂದು ತಿಂಗಳಿಗೋ ಒಂದು ವರ್ಷಕ್ಕೋ ಎಂಬುದು ಜಾಸ್ತಿ ನಿಂತಿರುವುದು ಅದೇ ಸಾಲಿನ ಮೇಲೆ.

ನಾನು ಮಂಗಳೂರಿನ ಬಂದರು ಇರುವ ಪಣಂಬೂರಿನಲ್ಲಿ ಶಿಪ್ಪಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಬೋರ್ಡಿಂಗ್ ಕ್ಲರ್ಕ್ ಆಗಿದ್ದವನು. ಹಡಗು ಬಂದರೆ ಏಣಿ ಹತ್ತಿ ಮೇಲೆ ಹೋಗಬೇಕು. ಕ್ಯಾಪ್ಟನ್ ಹತ್ತಿರ ಕಾಗದಗಳಿಗೆ ಸಹಿ ಹಾಕಿಸಬೇಕು. ಕಸ್ಟಮ್ಸ್, ಇಮಿಗ್ರೇಷನ್, ಪೋರ್ಟ್ ಹೆಲ್ತ್‌ನವರನ್ನು ಸುಧಾರಿಸಬೇಕು. ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರನ್ನು ಇಳಿಸಿ ಆಸ್ಪತ್ರೆಗೆ ಸೇರಿಸುವುದೂ ನಮ್ಮದೇ ತಲೆಗೆ. ವಿಮೆಯ ವಿಷಯ ನನಗೆ ಗೊತ್ತಾದದ್ದು ಆಸ್ಪತ್ರೆಯ ಕ್ಯಾಶ್ ಕೌಂಟರಿನ ಎದುರು ನಿಂತು.

ಮೊದಲು ಈ ಪಿ ಆ್ಯಂಡ್ ಐ ಎಂದರೆ ಎಂತ ಎಂದು ಹೇಳುತ್ತೇನೆ. ಹಡಗಿಗೆ ಎರಡು ಥರದ ವಿಮೆ ಬೇಕು. ಒಂದು ಹಡಗಿನ ಮೈಗೆ ಮತ್ತು ಎಂಜಿನ್‌ಗೆ. ಇದು ಮಾಮೂಲಿ ವಿಮೆ ಕಂಪನಿಗಳದ್ದು. ಇನ್ನೊಂದು, ಹಡಗಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾಲೀಕ ಕಟ್ಟಿಕೊಡಬೇಕಾದ ಹಣಕ್ಕೆ. ಎಣ್ಣೆ ಚೆಲ್ಲಿದರೆ, ಸೇತುವೆಗೆ ಗುದ್ದಿದರೆ, ಮುಳುಗಿದ ಹಡಗನ್ನು ಎತ್ತಬೇಕಾದರೆ, ಸರಕು ಹಾಳಾದರೆ, ನಾವಿಕ ಸತ್ತರೆ, ಗಾಯಗೊಂಡರೆ, ಕಾಯಿಲೆ ಬಿದ್ದರೆ. ಈ ಎರಡನೆಯದೇ ಪ್ರೊಟೆಕ್ಷನ್ ಆ್ಯಂಡ್ ಇಂಡೆಮ್ನಿಟಿ, ಅಂದರೆ ಪಿ ಆ್ಯಂಡ್ ಐ. ಇದನ್ನು ಹೆಚ್ಚಾಗಿ ನಡೆಸುವುದು ಲಾಭದ ಕಂಪನಿ ಅಲ್ಲ, ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಕ್ಲಬ್. ನಮ್ಮ ಊರಿನ ಸಹಕಾರ ಸಂಘದ ಹಾಗೆ ಇಲ್ಲೂ ಸದಸ್ಯರೇ ಯಜಮಾನರು, ಸದಸ್ಯರೇ ಗಿರಾಕಿಗಳು. ವರ್ಷದ ಮೊದಲು ಎಲ್ಲರೂ ಇಂತಿಷ್ಟು ಕಟ್ಟುತ್ತಾರೆ. ಆ ವರ್ಷ ಅಪಘಾತ ಜಾಸ್ತಿಯಾಗಿ ಹಣ ಸಾಲದಿದ್ದರೆ ಎಲ್ಲರಿಗೂ ಮತ್ತೊಂದು ಬಿಲ್ ಹೋಗುತ್ತದೆ. ಹಾಗಾಗಿ ಒಬ್ಬನ ಹಡಗು ಕೆಟ್ಟದಾಗಿದ್ದರೆ ಉಳಿದವರಿಗೂ ಹೊಟ್ಟೆ ಉರಿಯುತ್ತದೆ. ಕ್ಲಬ್‌ನವರು ಹಡಗನ್ನು ತಪಾಸಣೆ ಮಾಡಿಸುವುದು ಸುಮ್ನೆ ಅಲ್ಲ.

ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1855ರಲ್ಲಿ. ಆಗ ಎರಡು ಹಡಗು ಡಿಕ್ಕಿಯಾದರೆ ಎದುರಿನ ಹಡಗಿಗೆ ಕೊಡಬೇಕಾದ ಹಣದಲ್ಲಿ ಮುಕ್ಕಾಲು ಪಾಲನ್ನು ಮಾತ್ರ ವಿಮೆಯವರು ಕೊಡುತ್ತಿದ್ದರು. ಉಳಿದ ಕಾಲು ಮಾಲೀಕನ ತಲೆ ಮೇಲೆ. ಸಾಲದ್ದಕ್ಕೆ, ಅಪಘಾತದಲ್ಲಿ ಸತ್ತವರ ಮನೆಯವರು ಪರಿಹಾರ ಕೇಳಬಹುದು ಎಂಬ ಕಾನೂನು 1846ರಲ್ಲೇ ಬಂದಿತ್ತು. ಮಾಲೀಕರು ಹೆದರಿದರು, ಒಟ್ಟಾದರು. ಅಂದರೆ ಕ್ಲಬ್ ಹುಟ್ಟಿದ್ದು ಮಾಲೀಕನ ಜೇಬು ಉಳಿಸಲಿಕ್ಕೆ, ನಾವಿಕನ ಜೀವ ಉಳಿಸಲಿಕ್ಕೆ ಅಲ್ಲ. ಇದನ್ನು ಮರೆಯಬಾರದು.

ಈಗ ಇಂಟರ್‌ನ್ಯಾಷನಲ್ ಗ್ರೂಪ್ ಎಂಬ ಕೂಟದಲ್ಲಿ 12 ಕ್ಲಬ್‌ಗಳಿವೆ. ಪ್ರಪಂಚದ ದೊಡ್ಡ ಹಡಗುಗಳ ಒಟ್ಟು ಟನ್ನೇಜ್‌ನಲ್ಲಿ (ಹಡಗಿನ ಗಾತ್ರದ ಲೆಕ್ಕ) ಶೇ 90ರಷ್ಟು ಇವರ ಕೈಯಲ್ಲಿದೆ. ಒಂದು ಅಪಘಾತದ ಬಿಲ್ 1 ಕೋಟಿ ಡಾಲರ್ ದಾಟಿದರೆ ಮೇಲಿನದ್ದನ್ನು ಹನ್ನೆರಡೂ ಕ್ಲಬ್‌ಗಳು ಹಂಚಿಕೊಳ್ಳುತ್ತವೆ. ಅದೂ 10 ಕೋಟಿ ಡಾಲರ್ ದಾಟಿದರೆ ಮರುವಿಮೆ, ಅಂದರೆ ಕ್ಲಬ್‌ಗಳೇ ಬೇರೆ ವಿಮೆ ಕಂಪನಿಗಳಲ್ಲಿ ಮಾಡಿಸಿದ ವಿಮೆ ಇದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ಸೇತುವೆಗೆ ಗುದ್ದಿದ ‘ಡಾಲಿ’ ಹಡಗು ನೆನಪಿದೆಯಲ್ವಾ? ಅದರ 21 ನಾವಿಕರಲ್ಲಿ 20 ಮಂದಿ ಭಾರತೀಯರು. ಆ ಹಡಗಿನ ಪಿ ಆ್ಯಂಡ್ ಐ ‘ಬ್ರಿಟಾನಿಯಾ’ ಕ್ಲಬ್‌ನದು. 1855ರ ಆ ಮೊದಲ ಸಂಘವೇ ಮುಂದೆ ಬ್ರಿಟಾನಿಯಾ ಆದದ್ದು. ತನಿಖೆ ಎಂದು ಆ ಹುಡುಗರು ವಾರಗಟ್ಟಲೆ ಹಡಗಿನಲ್ಲೇ ಉಳಿದರು, ಫೋನ್‌ಗಳನ್ನೂ ಎಫ್‌ಬಿಐನವರು ತೆಗೆದುಕೊಂಡು ಹೋದರು. ಕಷ್ಟ ಹೌದು. ಆದರೆ ‘ನಮಗೆ ಯಾರೂ ಇಲ್ಲ’ ಎಂಬ ಸ್ಥಿತಿ ಅವರಿಗೆ ಬರಲಿಲ್ಲ.

ನಮ್ಮಲ್ಲಿ ಇದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಎರಡು ಹಡಗುಗಳ ಕತೆ ಹೇಳುತ್ತೇನೆ.

ಮೊದಲನೆಯದು ಜೋರು ಮಳೆಗಾಲದಲ್ಲಿ ನಡೆದದ್ದು. ಹೊರಗೆ ಲಂಗರು ಹಾಕಿದ್ದ ಹಡಗಿನಲ್ಲಿ ಫಿಲಿಪ್ಪೀನ್ಸ್‌ನ ಆಯ್ಲರ್ (ಎಂಜಿನ್ ಕೋಣೆಯ ಕೆಲಸಗಾರ) ಒಬ್ಬನ ಕೈಗೆ, ಎದೆಗೆ ಬಿಸಿ ಹಬೆ ಬಡಿಯಿತು. ಲಾಂಚ್‌ನಲ್ಲಿ ಹೋಗಿ, ಸ್ಟ್ರೆಚರ್ ಇಳಿಸಿ, ಇಮಿಗ್ರೇಷನ್‌ನಲ್ಲಿ ಅವನಿಗೆ ಪಾಸ್ ಮಾಡಿಸಿ ಆಸ್ಪತ್ರೆ ಮುಟ್ಟುವಾಗ ನಡುರಾತ್ರಿ. ಕೌಂಟರಿನವರು ಅಡ್ವಾನ್ಸ್ ಕಟ್ಟಿ ಎಂದರು. ಅಷ್ಟು ದುಡ್ಡು ನನ್ನ ಹತ್ತಿರ ಎಲ್ಲಿಂದ ಬರಬೇಕು? ಮುಂಬೈಯಲ್ಲಿ ಕ್ಲಬ್‌ನ ಪರವಾಗಿ ಕೆಲಸ ಮಾಡುವ ಆಫೀಸಿಗೆ ಫೋನ್ ಮಾಡಿದೆ. ಇವರನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ, ದೊಡ್ಡ ಬಂದರುಗಳಲ್ಲೆಲ್ಲ ಇರುತ್ತಾರೆ. ಬೆಳಗಾಗುವ ಮೊದಲೇ ಫ್ಯಾಕ್ಸ್ ಬಂತು: ಈ ರೋಗಿಯ ಚಿಕಿತ್ಸೆಯ ಖರ್ಚಿಗೆ ಕ್ಲಬ್ ಜವಾಬ್ದಾರಿ, ಚಿಕಿತ್ಸೆ ನಿಲ್ಲಿಸಬೇಡಿ ಎಂದು. ಕ್ಯಾಷಿಯರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ದುಡ್ಡು ಬಾರದಿದ್ದರೆ ನನ್ನ ಸಂಬಳದಲ್ಲಿ ಕಟ್ ಮಾಡ್ತಾರೆ ಮಾರಾಯ್ರೆ’ ಎಂದರು. ದುಡ್ಡು ಬಂತು. ಆಸ್ಪತ್ರೆಯ ಬಿಲ್, ಗುಣವಾದ ಮೇಲೆ ಕೆಲವು ದಿನ ಹೋಟೆಲ್, ವಿಮಾನ ಹತ್ತಬಹುದು ಎಂಬ ಡಾಕ್ಟರ ಸರ್ಟಿಫಿಕೇಟ್, ಮನಿಲಾಕ್ಕೆ ಟಿಕೆಟ್, ಅವನ ಬದಲಿಗೆ ಬಂದ ಆಯ್ಲರನ ಟಿಕೆಟ್, ಎಲ್ಲವೂ. ಅವನು ಹೋಗುವ ದಿನ ನಮ್ಮ ಡ್ರೈವರ್‌ಗೆ ಸಿಗರೇಟ್ ಪ್ಯಾಕೆಟ್ ಕೊಟ್ಟು, ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಸೆಲ್ಯೂಟ್ ಹೊಡೆದ.

ಎರಡನೆಯದು ಹಳೇ ಸಣ್ಣ ಹಡಗು. ಉತ್ತರ ಭಾರತದ ಹುಡುಗ, ಹ್ಯಾಚ್ ಕವರ್ (ಸರಕು ತುಂಬುವ ಕೋಣೆಯ ಮುಚ್ಚಳ) ನಡುವೆ ಬೆರಳು ಜಜ್ಜಿಹೋಗಿತ್ತು. ಇದಕ್ಕೂ ವಿಮೆ ಕಾಗದ ಇತ್ತು. ಬಂದರಿಗೆ ಕೊಟ್ಟ ಫೈಲಿನಲ್ಲಿ ಅದರ ಜೆರಾಕ್ಸ್ ಇಟ್ಟವನು ನಾನೇ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಮೇಲ್ ಮಾಡಿದರೆ ವಾಪಸ್ ಬರುತ್ತದೆ. ಮಾಲೀಕನ ಆಫೀಸಿನವನು ‘ನಾಳೆ, ನಾಳೆ’ ಎನ್ನುತ್ತಾ ಒಂದು ದಿನ ಫೋನ್ ಸ್ವಿಚ್ ಆಫ್ ಮಾಡಿದ. ಕೊನೆಗೆ ನಮ್ಮ ಆಫೀಸಿನವರು, ಹಡಗಿನ ಉಳಿದ ಹುಡುಗರು, ಗುರುತಿನ ಒಂದಿಬ್ಬರು ದಾನಿಗಳು ಸೇರಿ ಬಿಲ್ ಕಟ್ಟಿದೆವು. ಬೆರಳು ಹೋಯಿತು, ಪರಿಹಾರ ಎಂದು ಒಂದು ರೂಪಾಯಿ ಸಿಕ್ಕಲಿಲ್ಲ.

ಒಳ್ಳೇ ಕ್ಲಬ್ ಇದ್ದ ಮಾತ್ರಕ್ಕೆ ಎಲ್ಲ ಸುಖ ಎಂದುಕೊಳ್ಳಬೇಡಿ. ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಸಾವಿರ ಡಾಲರ್ ಮಾಲೀಕನೇ ಹಾಕಬೇಕು, ಅದರ ಮೇಲಿನದ್ದು ಕ್ಲಬ್‌ನದು. ಹಲ್ಲುನೋವು, ಜ್ವರ, ಬೆನ್ನುನೋವು, ಇವೆಲ್ಲ ಆ ಗೆರೆಯ ಕೆಳಗೇ ಮುಗಿಯುತ್ತವೆ. ಹಾಗಾಗಿ ಜಿಪುಣ ಮಾಲೀಕ ‘ಮುಂದಿನ ಬಂದರಿನಲ್ಲಿ ನೋಡೋಣ, ಪ್ಯಾರಾಸಿಟಮಾಲ್ ಕೊಡಿ’ ಎನ್ನುತ್ತಾನೆ. ಹೊಟ್ಟೆನೋವು ಎಂದು ಎರಡು ಬಂದರು ದಾಟಿ ಬಂದವನ ಅಪೆಂಡಿಕ್ಸ್ ಒಡೆದೇ ಹೋಗಿದ್ದನ್ನು ನಾನು ಕಂಡಿದ್ದೇನೆ. ಆಗ ಕ್ಲಬ್ ಧಾರಾಳವಾಗಿ ಕೊಟ್ಟಿತು, ಬಿಡಿ.

ಇನ್ನು ಕಾನೂನಿನ ವಿಷಯ. ಕ್ಲಬ್‌ಗಳದ್ದು ಒಂದು ಹಳೇ ನಿಯಮ ಇದೆ: ಮೊದಲು ಮಾಲೀಕ ತನ್ನ ಕೈಯಿಂದ ಕೊಡಬೇಕು, ಆಮೇಲೆ ಕ್ಲಬ್ ಅವನಿಗೆ ಕೊಡುತ್ತದೆ. ಮಾಲೀಕನೇ ದಿವಾಳಿ ಎದ್ದರೆ? ಅವನು ಕೊಡುವುದಿಲ್ಲ, ಹಾಗಾಗಿ ಕ್ಲಬ್ಬೂ ಕೊಡಬೇಕಿಲ್ಲ. 1990ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ‘ಫ್ಯಾಂಟಿ’ ಮತ್ತು ‘ಪಾಡ್ರೆ ಐಲ್ಯಾಂಡ್’ ಎಂಬ ಎರಡು ಹಡಗುಗಳ ಕೇಸಿನಲ್ಲಿ ಈ ನಿಯಮ ಸರಿ ಎಂದೇ ಹೇಳಿತು. ಅದು ಸರಕಿನ ಜಗಳ. ನಾವಿಕರ ಸಾವು, ಗಾಯದ ಮಟ್ಟಿಗೆ ಈ ನಿಯಮ ಹಿಡಿದು ಕೂರುವುದಿಲ್ಲ ಎಂಬ ಪದ್ಧತಿಗೆ ದೊಡ್ಡ ಕ್ಲಬ್‌ಗಳು ಬಂದವು. ಆದರೆ ಮಾಲೀಕ ಸಂಬಳ ಕೊಡದೆ ಹಡಗು ಬಿಟ್ಟು ಓಡಿಹೋದರೆ ಅದು ವಿಮೆಯ ವಿಷಯವೇ ಆಗಿರಲಿಲ್ಲ.

ಅದು ಬದಲಾದದ್ದು ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್‌ನಿಂದ. ಎಂಎಲ್‌ಸಿ ಎಂದು ಕರೆಯುತ್ತಾರೆ, ನಮ್ಮ ವಿಧಾನ ಪರಿಷತ್ತಿನದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಮಾಡಿದ್ದು, ಭಾರತ 2015ರಲ್ಲಿ ಒಪ್ಪಿತು. ಇದಕ್ಕೆ ಸೇರಿದ ಹೊಸ ತಿದ್ದುಪಡಿ 2017ರ ಜನವರಿ 18ರಿಂದ ಜಾರಿಯಲ್ಲಿದೆ. ಅದರಂತೆ ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಎರಡು ಸರ್ಟಿಫಿಕೇಟ್ ಅಂಟಿಸಿರಬೇಕು. ಸಾಮಾನ್ಯವಾಗಿ ಮೆಸ್ ರೂಮಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಇರುತ್ತವೆ. ಒಂದು, ಮಾಲೀಕ ಕೈಬಿಟ್ಟರೆ ಮನೆಗೆ ಕಳಿಸುವ ಖರ್ಚು, ಊಟ, ನೀರು, ಔಷಧ, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ. ಎರಡನೆಯದು, ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಒಪ್ಪಂದದಲ್ಲಿ ಹೇಳಿದ ಪರಿಹಾರಕ್ಕೆ. ಎರಡು ತಿಂಗಳ ಸಂಬಳ ಬಾರದಿದ್ದರೆ ಮಾಲೀಕ ಕೈಬಿಟ್ಟ ಎಂದೇ ಲೆಕ್ಕ ಹಿಡಿಯಬಹುದು. ದೊಡ್ಡ ವಿಷಯ ಏನೆಂದರೆ ನಾವಿಕ ನೇರವಾಗಿ ವಿಮೆಯವರನ್ನೇ ಕೇಳಬಹುದು, ಮಾಲೀಕನ ಕಾಲು ಹಿಡಿಯಬೇಕಿಲ್ಲ. ಮಾಲೀಕ ಕಂತು ಕಟ್ಟಲಿಲ್ಲ ಎಂದು ವಿಮೆಯವರು ರಾತ್ರೋರಾತ್ರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. 30 ದಿನ ಮೊದಲು ಹಡಗಿನ ಬಾವುಟದ ದೇಶಕ್ಕೆ, ಅಂದರೆ ಹಡಗು ನೋಂದಾಯಿಸಿದ ದೇಶಕ್ಕೆ ತಿಳಿಸಬೇಕು.

ಇಷ್ಟೆಲ್ಲ ಇದ್ದರೂ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್‌ನ ಲೆಕ್ಕದಂತೆ 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರನ್ನು ಮಾಲೀಕರು ಕೈಬಿಟ್ಟರು. ಅವರಲ್ಲಿ ಎಲ್ಲರಿಗಿಂತ ಜಾಸ್ತಿ ನಮ್ಮವರು, 899 ಮಂದಿ. ಯಾಕೆ? ನನಗೆ ಕಂಡ ಕಾರಣಗಳು ಇವು. ಸರ್ಟಿಫಿಕೇಟ್ ಕಡ್ಡಾಯ ಇರುವುದು ಹೊರದೇಶಕ್ಕೆ ಹೋಗುವ 500 ಟನ್ನೇಜ್‌ಗೆ ಮೇಲ್ಪಟ್ಟ ಹಡಗುಗಳಿಗೆ. ಗಲ್ಫ್‌ನಲ್ಲಿ ಓಡುವ ಟಗ್, ಸಪ್ಲೈ ಬೋಟ್‌ಗಳು ಎಷ್ಟೋ ಇದರ ಕೆಳಗೆ ಬರುತ್ತವೆ. ನಮ್ಮ ಹುಡುಗರು ಅನುಭವ ಇಲ್ಲದೆ ಮೊದಲು ಹತ್ತುವುದೇ ಅಂಥವನ್ನು. ಇನ್ನು, ಕಾಗದ ಇದ್ದರೂ ಕಾಗದ ಕೊಟ್ಟವರು ಯಾರು ಎಂಬ ಪ್ರಶ್ನೆ ಇದೆ. ಹೆಸರೇ ಕೇಳದ ಕಂಪನಿಗಳು ಚೆಂದದ ಸೀಲು ಹಾಕಿ ವಿಮೆ ಕೊಡುತ್ತವೆ. ನಾರ್ವೆಯಂಥ ದೇಶದಲ್ಲೇ ಲೈಸೆನ್ಸ್ ಇಲ್ಲದ ಒಬ್ಬರು ಹೀಗೆ ಹಡಗುಗಳಿಗೆ ಕಾಗದ ಹಂಚಿದ್ದನ್ನು ಈಚೆಗೆ ಅಲ್ಲಿನ ಪತ್ರಕರ್ತರು ಬಯಲಿಗೆ ತಂದರು. ಮತ್ತೆ, ನಾಲ್ಕು ತಿಂಗಳು ಎಂದರೆ ನಾಲ್ಕೇ ತಿಂಗಳು. ‘ಇನ್ನೊಂದು ಸ್ವಲ್ಪ ಕಾಯುವ’ ಎಂದು ಒಂದು ವರ್ಷ ಕಾದವನಿಗೆ ಉಳಿದ ಎಂಟು ತಿಂಗಳ ಸಂಬಳ ವಿಮೆಯಿಂದ ಬರುವುದಿಲ್ಲ. ಎರಡು ತಿಂಗಳು ದಾಟಿದ ಕೂಡಲೇ ದೂರು ಕೊಡಬೇಕು, ಐಟಿಎಫ್‌ಗೂ ಮುಂಬೈಯ ಡಿಜಿ ಶಿಪ್ಪಿಂಗ್‌ಗೂ (ಹಡಗುಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಕಚೇರಿ). ಮರ್ಯಾದೆ, ಸಂಕೋಚ ಎಂದು ಕೂತರೆ ಆಗಲಿಕ್ಕಿಲ್ಲ.

ಉಳಿದ ಸಂಬಳಕ್ಕೆ ದಾರಿ ಇಲ್ಲವೇ ಇಲ್ಲ ಎಂದಲ್ಲ. ನಮ್ಮ ದೇಶದ 2017ರ ಅಡ್ಮಿರಾಲ್ಟಿ ಕಾಯ್ದೆಯಂತೆ ಹಡಗನ್ನೇ ಕೋರ್ಟು ಹಿಡಿದಿಡಬಹುದು. ಮಾರಿದ ದುಡ್ಡಿನಲ್ಲಿ ನಾವಿಕರ ಸಂಬಳಕ್ಕೆ ಬ್ಯಾಂಕಿನ ಸಾಲಕ್ಕಿಂತ ಮೊದಲ ಹಕ್ಕು. ಈ ಅಧಿಕಾರ ಕರ್ನಾಟಕ ಹೈಕೋರ್ಟಿಗೂ ಇದೆ. ಹಡಗು ಮಂಗಳೂರಿನಲ್ಲೋ ಕಾರವಾರದಲ್ಲೋ ನಿಂತಿದ್ದರೆ ಮುಂಬೈಗೆ ಓಡಬೇಕಿಲ್ಲ. ಇದು ಗೊತ್ತಿರುವ ವಕೀಲರೇ ಕಡಿಮೆ ಎಂಬುದು ಬೇರೆ ಮಾತು.

ನಮ್ಮ ಕಡಲಿಗೆ ಇದೆಲ್ಲ ದೂರದ ವಿಷಯ ಅಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಉಚ್ಚಿಲದ ಹತ್ತಿರ ‘ಪ್ರಿನ್ಸೆಸ್ ಮಿರಾಲ್’ ನೀರು ತುಂಬಿ ಕೂತಿತು. ಚೀನಾದಿಂದ ಲೆಬನಾನ್‌ಗೆ 8,000 ಟನ್ ಉಕ್ಕಿನ ಕಾಯಿಲ್ ಹೊತ್ತಿತ್ತು. 15 ಮಂದಿ ಸಿರಿಯಾದವರನ್ನು ಕೋಸ್ಟ್ ಗಾರ್ಡ್ ಉಳಿಸಿತು. 2025ರ ಜೂನ್ 9ರಂದು ಕೇರಳದ ಕಡಲಲ್ಲಿ ‘ವಾನ್ ಹೈ 503’ಕ್ಕೆ ಬೆಂಕಿ ಬಿತ್ತು. 22 ಜನರಲ್ಲಿ 18 ಮಂದಿಯನ್ನು ಐಎನ್‌ಎಸ್ ಸೂರತ್ ಆ ರಾತ್ರಿಯೇ ಪಣಂಬೂರಿಗೆ ತಂದಿತು, ನಾಲ್ವರು ಕಾಣೆಯಾದರು. ಆಂಬುಲೆನ್ಸ್‌ಗಳನ್ನು ಟಿವಿಯಲ್ಲಿ ನೋಡುವಾಗ ನನಗೆ ಬಂದ ಯೋಚನೆ ಒಂದೇ: ಈಗ ಯಾವನೋ ಒಬ್ಬ ಕ್ಲರ್ಕ್ ಕೌಂಟರಿನಲ್ಲಿ ನಿಂತಿರುತ್ತಾನೆ, ಅವನ ಕೈಯಲ್ಲಿ ಗ್ಯಾರಂಟಿ ಪತ್ರ ಬೇಗ ಸಿಗಲಿ.

ಮನೆಯವರು ಮಾಡಬೇಕಾದ್ದು ತುಂಬಾ ಇಲ್ಲ. ಹಡಗು ಹತ್ತುವ ಮೊದಲು ಅದರ ಹೆಸರಲ್ಲ, ಏಳು ಅಂಕೆಯ ಐಎಂಒ ನಂಬರ್ ಕೇಳಿ. ಹೆಸರು ಬಣ್ಣ ಹೊಡೆದು ಬದಲಿಸಬಹುದು, ನಂಬರ್ ಬದಲಾಗುವುದಿಲ್ಲ. ಈಕ್ವಾಸಿಸ್ ಎಂಬ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹೆಸರು ನೋಂದಾಯಿಸಿ ಆ ನಂಬರ್ ಹಾಕಿದರೆ ಮಾಲೀಕ ಯಾರು, ಬಾವುಟ ಯಾವುದು, ಪಿ ಆ್ಯಂಡ್ ಐ ಯಾರದು ಎಂಬುದೆಲ್ಲ ನೋಡಬಹುದು. ದೊಡ್ಡ ಕ್ಲಬ್‌ಗಳ ಸೈಟುಗಳಲ್ಲೂ ಹುಡುಕಬಹುದು. ಕೆಲಸ ಕೊಡಿಸುವವನಿಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ನೇಮಿಸಲು ಸರಕಾರ ಕೊಡುವ ಲೈಸೆನ್ಸ್ ಇದೆಯಾ ನೋಡಿ. ಲೈಸೆನ್ಸ್ ಇದ್ದವನು ಹುಡುಗನಿಂದ ಕೆಲಸಕ್ಕೆಂದು ದುಡ್ಡು ತೆಗೆದುಕೊಳ್ಳುವಂತೆಯೇ ಇಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಮೆಡಿಕಲ್ ಪರೀಕ್ಷೆಯಲ್ಲಿ ಬಿಪಿ, ಶುಗರ್ ಮುಚ್ಚಿಡಬೇಡಿ. ಬೇಕೆಂದೇ ಮುಚ್ಚಿಟ್ಟ ಕಾಯಿಲೆಗೆ ಕೊಡುವುದಿಲ್ಲ ಎನ್ನಲು ಅವರಿಗೆ ಕಾನೂನಿನಲ್ಲೇ ಅವಕಾಶ ಇದೆ.

ಜೀವವೇ ಹೋದ ಮನೆಗೆ ಒಂದು ಮಾತು. ಪರಿಹಾರದ ಚೆಕ್ ಜೊತೆಗೆ ಇಂಗ್ಲಿಷಿನಲ್ಲಿ ಬಿಡುಗಡೆ ಪತ್ರ ಬರುತ್ತದೆ: ಇನ್ನು ನಮ್ಮದೇನೂ ಬಾಕಿ ಇಲ್ಲ ಎಂದು. ಒಪ್ಪಂದದಲ್ಲಿ ಇದ್ದದ್ದಕ್ಕಿಂತ ಕಡಿಮೆಗೆ ಒಪ್ಪಿಸಲು ಒತ್ತಡ ಹಾಕಬಾರದು ಎಂದು ಎಂಎಲ್‌ಸಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಹದಿಮೂರನೇ ದಿನದ ಗಡಿಬಿಡಿಯಲ್ಲಿ, ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದದ್ದನ್ನು ನಮ್ಮ ಕಡೆ ನೋಡಿದ್ದೇನೆ. ಮಗನ ಒಪ್ಪಂದದ ಪ್ರತಿ ಮೊದಲು ಹುಡುಕಿ. ಓದಲು ಬರುವವರಿಂದ ಓದಿಸದೆ ಸಹಿ ಹಾಕಬೇಡಿ. ಈ ಪತ್ರವನ್ನು ಕನ್ನಡದಲ್ಲೂ ಕೊಡಬೇಕು ಎಂದು ಡಿಜಿ ಶಿಪ್ಪಿಂಗ್ ಒಂದು ಸುತ್ತೋಲೆ ಹೊರಡಿಸಿದರೆ ಯಾರ ಗಂಟು ಹೋಗುತ್ತದೆ?

ಕೊನೆಗೆ ನಮ್ಮ ಸಂಸದರಿಗೆ ಒಂದು ಪ್ರಶ್ನೆ. 2011ರ ಮಳೆಗಾಲದಲ್ಲಿ ‘ರಾಕ್ ಕ್ಯಾರಿಯರ್’ ಮುಂಬೈ ಹತ್ತಿರ ಮುಳುಗಿ ಎಣ್ಣೆ ಹರಿದ ಮೇಲೆ, ಪಿ ಆ್ಯಂಡ್ ಐ ಇಲ್ಲದ ಹಡಗು ನಮ್ಮ ಬಂದರಿಗೆ ಬರುವಂತಿಲ್ಲ ಎಂಬ ನಿಯಮ ಬಂತು. ಬೀಚಿಗೆ ಎಣ್ಣೆ ಬಂದಾಗ ಸರಕಾರಕ್ಕೆ ಎಚ್ಚರ ಆಯಿತು, ಒಳ್ಳೆಯದೇ. ಈಗ ಭಾರತಕ್ಕೇ ಒಂದು ಪಿ ಆ್ಯಂಡ್ ಐ ಸಂಸ್ಥೆ ಬೇಕು ಎಂಬ ಮಾತು ದಿಲ್ಲಿಯಲ್ಲಿ ನಡೆಯುತ್ತಿದೆ. ಅದು ದೊಡ್ಡ ಹಡಗಿನ ಮಾಲೀಕರಿಗೆ ಮಾತ್ರವೋ, ಸಣ್ಣವರಿಗೂ ಬಾಗಿಲು ತೆರೆಯುತ್ತದೋ? ಮಂಗಳೂರು ಬಂದರ್‌ನಿಂದ ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು, ತರಕಾರಿ ಹೊತ್ತು ಹೋಗುವ ಮಂಜಿಗಳಿವೆ. ಇಂಥ ಮರದ ಹಳೇ ಮಾದರಿಯ ಹಡಗುಗಳನ್ನು ಎಂಎಲ್‌ಸಿ ತನ್ನ ಲೆಕ್ಕದಿಂದಲೇ ಹೊರಗಿಟ್ಟಿದೆ. ಮೀನುಗಾರಿಕೆ ಬೋಟುಗಳೂ ಹೊರಗೆ. ಮಂಜಿ ಮುಳುಗಿದಾಗ ಖಲಾಸಿಗಳನ್ನು ಕೋಸ್ಟ್ ಗಾರ್ಡ್ ಕರೆತರುತ್ತದೆ, ನೀವು ಫೋಟೊ ಹಾಕುತ್ತೀರಿ. ಅವರ ಸಂಬಳ, ಬಟ್ಟೆಬರೆ, ಮುರಿದ ಕಾಲಿಗೆ ಯಾರು ಕೊಡುತ್ತಾರೆ ಎಂದು ಲೋಕಸಭೆಯಲ್ಲಿ ಒಮ್ಮೆ ಕೇಳಲಿ. ಬಂದ ಉತ್ತರವನ್ನು ನೀವು ಪೂರ್ತಿ ಅಚ್ಚು ಹಾಕಿ.

ಇತಿ,
ನಿವೃತ್ತ ಬೋರ್ಡಿಂಗ್ ಕ್ಲರ್ಕ್, ಸುರತ್ಕಲ್